ನಿಸ್ತಂತು ಪಥದಲ್ಲಿ ದಾರಿ ಬಿಡುವ ಕ್ರಮ
(ಆಪದ್ರಕ್ಷಕರ ಬ್ರಾಡ್‌ಬ್ಯಾಂಡ್ ಜಾಲದ ವಿಚಾರ)

೧. ವಿಷಯನಿರೂಪಣೆ

ಬೆಂಕಿಯನ್ನು ಆರಿಸುವವರು, ಪೋಲೀಸಿನವರು, ರೋಗಿಗಳನ್ನು ಆಸ್ಪತ್ರೆಗೆ ಸಾಗಿಸುವ ಆಂಬುಲೆನ್ಸಿನವರು, ಈ ಮೂರು ವರ್ಗದವರಿಗೂ ಸಮಾನವಾದ ಒಂದು ಲಕ್ಷಣವುಂಟು. ಜನರೆಲ್ಲರೂ ಯಾವ ಸ್ಥಳವನ್ನು ಬಿಟ್ಟು ಓಡುವರೋ ಆ ಸ್ಥಳಕ್ಕೆ ಇವರು ಧಾವಿಸಿ ಬರಬೇಕು. ಇವರನ್ನು ಒಟ್ಟಾಗಿ ಆಪದ್ರಕ್ಷಕರೆಂದು ಕರೆಯಬಹುದು. ಇವರ ವಾಹನವು ಗಂಟೆ ಬಾರಿಸುತ್ತ ಬಂದರೆ ಉಳಿದ ವಾಹನಗಳು ಪಕ್ಕಕ್ಕೆ ಸರಿಯತಕ್ಕದ್ದೆಂಬುದು ಲೋಕದಲ್ಲೆಲ್ಲ ಪ್ರಸಿದ್ಧವಾದ ನಿಯಮ. ಆದರೆ ಇವರ ಮಾತು, ಇವರಿಗೆ ಬೇಕಾದ ಭೂಪಟ, ಇವರು ಕಳುಹಿಸುವ ಚಿತ್ರ ಇವುಗಳು ಸಂಚರಿಸುವ ನಿಸ್ತಂತು ಮಾರ್ಗದಲ್ಲಿ ಇಂತಹ ನಿಯಮವು ಬಹುಕಾಲದವರೆಗೆ ಇರಲಿಲ್ಲ. ಬೀದಿಯಲ್ಲಿ ಗಾಡಿಗೆ ದಾರಿ ಸಿಕ್ಕಿದರೂ ಆ ಗಾಡಿಯೊಳಗಿನವನ ಮಾತಿಗೆ ದಾರಿ ಸಿಕ್ಕುತ್ತಿರಲಿಲ್ಲ.

ಈ ಕೊರತೆಯನ್ನು ನೀಗಿಸುವುದಕ್ಕಾಗಿ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಏರ್ಪಟ್ಟ ಜಾಲಕ್ಕೆ 'ಫಸ್ಟ್‌ನೆಟ್' ಎಂದು ಹೆಸರು. ಇಂತಹ ಜಾಲದ ಪ್ರಯೋಜನವು ಅದರ ವೇಗದಲ್ಲಿದೆಯೆಂದು ಸಾಮಾನ್ಯವಾಗಿ ತಿಳಿಯಲಾಗುತ್ತದೆ. ವಿಚಾರಮಾಡಿದರೆ ವೇಗವು ಗೌಣವೆಂದೂ, ಸಂದಣಿಯಲ್ಲಿ ಯಾರು ಮೊದಲು ಹೋಗಬೇಕು ಎಂಬ ಕ್ರಮವೇ ಮುಖ್ಯವೆಂದೂ ತೋರುವುದು. ಆ ಕ್ರಮದ ಸ್ವರೂಪ, ಅದು ಹುಟ್ಟಿದ ಕಾರಣ, ಅದರ ಮಿತಿ, ಈ ಮೂರನ್ನು ಮುಂದೆ ಅನುಕ್ರಮವಾಗಿ ನಿರೂಪಿಸಲಾಗುವುದು.

೨. ಜಾಲವು ಹುಟ್ಟಿದ ಕಾರಣ

೨೦೦೧ನೆಯ ಇಸವಿ ಸೆಪ್ಟೆಂಬರ್ ೧೧ನೆಯ ತಾರೀಖು ನ್ಯೂಯಾರ್ಕ್ ನಗರದ ಎರಡು ಮಹಾಸೌಧಗಳಿಗೆ ವಿಮಾನಗಳು ಬಂದು ಅಪ್ಪಳಿಸಿದುದು ಸರ್ವರಿಗೂ ವಿದಿತವಾದ ವಿಷಯ. ದಕ್ಷಿಣದ ಸೌಧವು ೯ ಗಂಟೆ ೫೯ ನಿಮಿಷಕ್ಕೆ ಕುಸಿಯಿತು; ಉತ್ತರದ್ದು ೧೦ ಗಂಟೆ ೨೮ ನಿಮಿಷಕ್ಕೆ ಬಿದ್ದಿತು. ನಡುವಿನ ಅವಧಿ ೨೯ ನಿಮಿಷಗಳು. ಮೊದಲನೆಯದು ಬಿದ್ದೊಡನೆ ಎರಡನೆಯದರೊಳಗಿದ್ದ ಅಗ್ನಿಶಾಮಕರನ್ನು ಹೊರಕ್ಕೆ ಬರಹೇಳಿ ಆಜ್ಞೆಯಾಯಿತು. ಆ ಆಜ್ಞೆಯನ್ನು ಕೆಲವರು ಕೇಳಿದರು. ಅನೇಕರಿಗೆ ಅದು ಮುಟ್ಟಲೇ ಇಲ್ಲ. ಎತ್ತರವಾದ ಕಟ್ಟಡದೊಳಗೆ ಅವರ ಕೈಯಂತ್ರಗಳು ಸರಿಯಾಗಿ ನಡೆಯುತ್ತಿರಲಿಲ್ಲ. ಒಂದೇ ವಾಹಿನಿಯಲ್ಲಿ ಹಲವರು ಏಕಕಾಲದಲ್ಲಿ ಮಾತಾಡುತ್ತಿದ್ದರು. ಆಕಾಶದಲ್ಲಿ ಸುತ್ತುತ್ತಿದ್ದ ಪೋಲೀಸ್ ಹೆಲಿಕಾಪ್ಟರುಗಳಿಗೆ ಸೌಧದ ಸ್ಥಿತಿ ಕಾಣುತ್ತಿದ್ದರೂ, ಪೋಲೀಸರ ನಿಸ್ತಂತು ಬೇರೆ, ಅಗ್ನಿಶಾಮಕರ ನಿಸ್ತಂತು ಬೇರೆಯಾಗಿದ್ದುದರಿಂದ ಅವರು ಕಂಡದ್ದು ಇವರಿಗೆ ತಿಳಿಯಲಿಲ್ಲ. ಆ ದಿನ ನ್ಯೂಯಾರ್ಕಿನ ಅಗ್ನಿಶಾಮಕ ಇಲಾಖೆಯ ೩೪೩ ಮಂದಿ ಮಡಿದರು. ಅವರೆಲ್ಲರ ಮರಣಕ್ಕೂ ನಿಸ್ತಂತುವಿನ ದೋಷವೇ ಕಾರಣವೆಂದು ಹೇಳುವುದು ಸಾಧುವಲ್ಲ; ಆದರೂ ತಲುಪದೆ ಹೋದ ಮಾತಿಗೆ ಎಂತಹ ಬೆಲೆಯುಂಟೆಂಬುದನ್ನು ಆ ದಿನ ಲೋಕವು ಕಂಡಿತು.

ಈ ದುರಂತವನ್ನು ವಿಚಾರಿಸಿದ ರಾಷ್ಟ್ರೀಯ ಆಯೋಗವು ೨೦೦೪ರಲ್ಲಿ ತನ್ನ ವರದಿಯನ್ನು ಒಪ್ಪಿಸಿ, ಸಾರ್ವಜನಿಕ ರಕ್ಷಣೆಗೆ ಹೆಚ್ಚು ತರಂಗಾವಕಾಶವನ್ನು ಬೇಗನೆ ಒದಗಿಸಬೇಕೆಂದು ಸೂಚಿಸಿತು. ತರಂಗಾವಕಾಶವೆಂಬುದು ಭೂಮಿಯಂತೆ ಪರಿಮಿತವಾದ ವಸ್ತು. ಒಬ್ಬರಿಗೆ ಕೊಡಬೇಕಾದರೆ ಇನ್ನೊಬ್ಬರಿಂದ ಬಿಡಿಸಬೇಕು. ಅಮೆರಿಕದ ಟೆಲಿವಿಷನ್ ಕೇಂದ್ರಗಳು ೨೦೦೯ನೆಯ ಜೂನ್ ೧೨ರಂದು ಹಳೆಯ ಪದ್ಧತಿಯನ್ನು ಬಿಟ್ಟು ಅಂಕೀಯ ಪದ್ಧತಿಗೆ ತಿರುಗಿದುದರಿಂದ ೭೦೦ ಮೆಗಾಹರ್ಟ್ಸಿನ ಸುತ್ತಣ ಅವಕಾಶವು ತೆರವಾಯಿತು. ಈ ಪ್ರದೇಶದ ತರಂಗಗಳ ಉದ್ದ ಸುಮಾರು ೪೦ ಸೆಂಟಿಮೀಟರು. ಇನ್ನೂ ಕಿರಿದಾದ ತರಂಗಗಳಿಗಿಂತ ಇವು ಗೋಡೆಗಳನ್ನು ಚೆನ್ನಾಗಿ ಹಾಯುತ್ತವೆ, ಹೆಚ್ಚು ದೂರ ಹೋಗುತ್ತವೆ. ಆದ್ದರಿಂದ ಆಪದ್ರಕ್ಷಕರಿಗೂ ಇವು ಬೇಕು, ವ್ಯಾಪಾರಿಗಳಿಗೂ ಇವೇ ಬೇಕು.

ಮೊದಲು ಇದರೊಳಗಿನ ಒಂದು ಖಂಡವನ್ನು ಹರಾಜು ಹಾಕಿ, ಕೊಂಡವನು ರಕ್ಷಕರಿಗೂ ಸೇವೆ ಸಲ್ಲಿಸಬೇಕೆಂದು ನಿಬಂಧನೆ ಮಾಡಲಾಯಿತು. ೨೦೦೮ರಲ್ಲಿ ನಡೆದ ಆ ಹರಾಜಿನಲ್ಲಿ ಕನಿಷ್ಠ ಬೆಲೆ ಸುಮಾರು ೧೩೩ ಕೋಟಿ ಡಾಲರೆಂದು ಗೊತ್ತಾಗಿದ್ದಿತು. ಬಂದುದು ಒಂದೇ ಸವಾಲು, ಅದೂ ಸುಮಾರು ೪೭ ಕೋಟಿ ಡಾಲರಿನದು. ಭಾರವನ್ನು ಹೊತ್ತು ಲಾಭವನ್ನು ಅರಸಲು ಯಾರೂ ಮುಂದೆ ಬರಲಿಲ್ಲವೆಂದು ಇದರಿಂದ ಸ್ಪಷ್ಟವಾಯಿತು. ಕೊನೆಗೆ ೨೦೧೨ನೆಯ ಫೆಬ್ರವರಿ ೨೨ರಂದು ಆದ ಶಾಸನದಿಂದ ಆ ಖಂಡವನ್ನು ರಕ್ಷಕರಿಗೆಂದು ಮೊದಲೇ ಇಟ್ಟಿದ್ದ ಖಂಡದೊಡನೆ ಸೇರಿಸಿ, ಹೋಗುವ ದಾರಿಗೆ ೧೦, ಬರುವ ದಾರಿಗೆ ೧೦, ಹೀಗೆ ೨೦ ಮೆಗಾಹರ್ಟ್ಸಿನ ಅವಕಾಶವನ್ನು ಅವರಿಗೆ ಮೀಸಲಿಡಲಾಯಿತು. ಇದಕ್ಕೆ ಯಂತ್ರಶಾಸ್ತ್ರದಲ್ಲಿ '೧೪ನೆಯ ಪಟ್ಟಿ' ಎಂದು ಸಂಜ್ಞೆ. ಇದನ್ನು ನೋಡಿಕೊಳ್ಳಲು ಫಸ್ಟ್‌ನೆಟ್ ಪ್ರಾಧಿಕಾರವೂ, ಅದಕ್ಕೆ ೭೦೦ ಕೋಟಿ ಡಾಲರುಗಳ ನಿಧಿಯೂ ಅದೇ ಶಾಸನದಿಂದ ಏರ್ಪಟ್ಟವು. ೨೦೧೭ನೆಯ ಮಾರ್ಚಿಯಲ್ಲಿ ಏಟಿ ಅಂಡ್ ಟಿ ಎಂಬ ಸಂಸ್ಥೆಯೊಡನೆ ೨೫ ವರ್ಷಗಳ ಕರಾರಾಯಿತು. ಆ ಸಂಸ್ಥೆಗೆ ೬೫೦ ಕೋಟಿ ಡಾಲರು ಸಲ್ಲತಕ್ಕದ್ದು. ರಕ್ಷಕರು ಉಪಯೋಗಿಸದೆ ಇರುವಾಗ ಆ ಅವಕಾಶವನ್ನು ತನ್ನ ಸಾಮಾನ್ಯ ಗಿರಾಕಿಗಳಿಗೆ ಕೊಡುವ ಹಕ್ಕೂ ಅದಕ್ಕುಂಟು. ಈ ಕೊನೆಯ ನಿಬಂಧನೆಯನ್ನು ಗಮನಿಸಬೇಕು. ದಾರಿಯು ಇಬ್ಬರಿಗೂ ಒಂದೇ ಆದುದರಿಂದಲೇ ದಾರಿ ಬಿಡುವ ಕ್ರಮವು ಅವಶ್ಯವಾಯಿತು.

೩. ವೇಗವೊಂದೇ ಸಾಲದೆಂಬುದು

ಹಳೆಯ ಪದ್ಧತಿಯ ರಕ್ಷಕ ನಿಸ್ತಂತುವಿನಲ್ಲಿ ಒಂದು ವಾಹಿನಿಯ ಅಗಲ ೧೨.೫ ಕಿಲೋಹರ್ಟ್ಸು, ಅದರಲ್ಲಿ ಹರಿಯುವ ಮಾಹಿತಿ ಸೆಕೆಂಡಿಗೆ ೯,೬೦೦ ಬಿಟ್ಟುಗಳು. ಮಾತಿಗೆ ಅದು ಸಾಕು, ಚಿತ್ರಕ್ಕೆ ಸಾಲದು. ೧೪ನೆಯ ಪಟ್ಟಿಯಲ್ಲಿ ಎಲ್‌ಟಿಇ ಪದ್ಧತಿಯಿಂದ ಗೋಪುರದ ಕಡೆಯಿಂದ ಬರುವ ಮಾಹಿತಿಯು ಆದರ್ಶಸ್ಥಿತಿಯಲ್ಲಿ ಸೆಕೆಂಡಿಗೆ ಸುಮಾರು ೭೫ ಮೆಗಾಬಿಟ್ಟು, ಅಂದರೆ ಹಳೆಯದರ ಸುಮಾರು ಏಳೂವರೆ ಸಾವಿರ ಮಡಿಗೂ ಹೆಚ್ಚು. ಆದರೆ ಇದು ಒಂದು ಗೋಪುರದ ಒಂದು ದಿಕ್ಕಿನಲ್ಲಿರುವ ಸಮಸ್ತರಿಗೂ ಸೇರಿದ ಮೊತ್ತ. ಸಾವಿರ ಜನರು ಒಂದೇ ಕಡೆ ನೆರೆದು ಏಕಕಾಲದಲ್ಲಿ ಬಂಧುಗಳ ಕ್ಷೇಮವನ್ನು ವಿಚಾರಿಸತೊಡಗಿದರೆ ಒಬ್ಬೊಬ್ಬರ ಪಾಲು ಎಷ್ಟಾದೀತೆಂಬುದು ಸುಲಭವಾಗಿ ತಿಳಿಯುವುದು. ೨೦೧೩ನೆಯ ಏಪ್ರಿಲ್ ೧೫ರಂದು ಬಾಸ್ಟನ್ ನಗರದ ಓಟದ ಪಂದ್ಯದಲ್ಲಿ ಬಾಂಬುಗಳು ಸಿಡಿದಾಗ ಸಾಮಾನ್ಯ ಮೊಬೈಲ್ ಜಾಲಗಳು ಜನರ ಕರೆಗಳಿಂದ ತುಂಬಿಹೋದುವು. ಆಪತ್ತು ಬಂದೆಡೆಯಲ್ಲಿಯೇ ಸಂದಣಿಯೂ ಆಗುವುದು ಸ್ವಭಾವ.

ಮತ್ತೊಂದು ಭೇದವೂ ಉಂಟು. ಸಾಮಾನ್ಯ ಜನರು ಜಾಲದಿಂದ ಹೆಚ್ಚಾಗಿ ಪಡೆಯುತ್ತಾರೆ, ಕಡಮೆಯಾಗಿ ಕಳುಹಿಸುತ್ತಾರೆ. ಬೆಂಕಿಯ ಸ್ಥಳದಲ್ಲಿರುವವರು ಅಲ್ಲಿನ ಚಿತ್ರವನ್ನು ಅಧಿಕಾರಿಗಳಿಗೆ ಕಳುಹಿಸಬೇಕು. ಕಳುಹಿಸುವ ದಾರಿಯಾದರೋ ಇಕ್ಕಟ್ಟಾದುದು; ೧೦ ಮೆಗಾಹರ್ಟ್ಸಿನಲ್ಲಿ ಅದರ ಗರಿಷ್ಠ ಪ್ರಮಾಣ ಸಾಧಾರಣವಾಗಿ ಸೆಕೆಂಡಿಗೆ ೨೫ ಮೆಗಾಬಿಟ್ಟು. ಇನ್ನು ಕೆಲವು ವೇಳೆ ಕಳುಹಿಸಬೇಕಾದ ವಸ್ತುವೇ ಅಲ್ಪವಾಗಿರುವುದು. ಎದೆನೋವಿನ ರೋಗಿಯ ಹೃದಯದ ಗತಿಯನ್ನು ತೋರಿಸುವ ರೇಖಾಚಿತ್ರವನ್ನು ಆಂಬುಲೆನ್ಸಿನಿಂದ ಮುಂದಾಗಿ ಕಳುಹಿಸಿದರೆ, ಗಾಡಿಯು ಬರುವಷ್ಟರಲ್ಲಿ ಆಸ್ಪತ್ರೆಯ ವೈದ್ಯರು ಚಿಕಿತ್ಸೆಗೆ ಸಿದ್ಧರಾಗಿರಬಹುದು. ಆ ರೇಖಾಚಿತ್ರಕ್ಕೆ ಮಹಾವೇಗವೇನೂ ಬೇಡ. ಅದು ತಪ್ಪದೆ ತಲುಪಬೇಕು, ಅಷ್ಟೆ.

ವೇಗವಿದ್ದರೂ ಕ್ರಮವಿಲ್ಲದಿದ್ದರೆ ಆಗುವ ಹಾನಿಗೆ ೨೦೧೮ರಲ್ಲಿ ಕ್ಯಾಲಿಫೋರ್ನಿಯದಲ್ಲಿ ನಡೆದುದು ದೃಷ್ಟಾಂತವಾಗಿದೆ. ಆ ವರ್ಷದ ಜುಲೈಯಲ್ಲಿ ಹೊತ್ತಿದ ಮೆಂಡೊಸಿನೊ ಕಾಳ್ಗಿಚ್ಚು ನಾಲ್ಕು ಲಕ್ಷ ಎಕರೆಗೂ ಮಿಕ್ಕ ನೆಲವನ್ನು ಸುಟ್ಟಿತು. ಸಾಂಟಾ ಕ್ಲಾರಾ ಪ್ರಾಂತದ ಅಗ್ನಿಶಾಮಕರ ಒಂದು ವಾಹನವು ಅಲ್ಲಿಗೆ ಬಂದಿದ್ದಿತು. ಹೊರಗಿನಿಂದ ಬರುತ್ತಿದ್ದ ದಳಗಳನ್ನೂ ಸಲಕರಣೆಗಳನ್ನೂ ಎಲ್ಲೆಲ್ಲಿಗೆ ಕಳುಹಿಸಬೇಕೆಂದು ಗೊತ್ತುಮಾಡುವ ಕೆಲಸವು ಆ ವಾಹನದಿಂದ ನಡೆಯುತ್ತಿದ್ದಿತು. ಅದು ಸಾಮಾನ್ಯ ವ್ಯಾಪಾರದ ಒಂದು ಜಾಲಕ್ಕೆ ಸೇರಿದ್ದು, ನಿಯತ ಪ್ರಮಾಣಕ್ಕಿಂತ ಹೆಚ್ಚು ಮಾಹಿತಿಯನ್ನು ಬಳಸಿತೆಂದು ಅದರ ವೇಗವನ್ನು ಇನ್ನೂರನೆಯ ಒಂದು ಭಾಗಕ್ಕೆ, ಅಥವಾ ಅದಕ್ಕೂ ಕಡಮೆಗೆ, ಇಳಿಸಲಾಯಿತೆಂದು ದಳದ ಮುಖ್ಯಾಧಿಕಾರಿಯು ನ್ಯಾಯಾಲಯದ ಮುಂದೆ ಪ್ರಮಾಣಪೂರ್ವಕವಾಗಿ ಹೇಳಿದನು. ಇಲ್ಲಿ ತರಂಗಾವಕಾಶವು ಇಲ್ಲದೆ ಇರಲಿಲ್ಲ, ಯಂತ್ರವೂ ಕೆಟ್ಟಿರಲಿಲ್ಲ. ಕಾಳ್ಗಿಚ್ಚಿನೆದುರು ನಿಂತ ವಾಹನವನ್ನೂ ಮನೆಯಲ್ಲಿ ಕುಳಿತು ನಾಟಕ ನೋಡುವ ಗಿರಾಕಿಯನ್ನೂ ಲೆಕ್ಕದ ಪುಸ್ತಕವು ಒಂದೇ ಬಗೆಯಾಗಿ ಕಂಡಿತು.

೪. ದಾರಿ ಬಿಡುವ ಕ್ರಮದ ಸ್ವರೂಪ

ಬೀದಿಯಲ್ಲಿ ಎದುರಾದವರೊಳಗೆ ಯಾರಿಗೆ ಯಾರು ದಾರಿ ಬಿಡಬೇಕೆಂಬ ವಿಚಾರವು ನಮ್ಮ ಧರ್ಮಶಾಸ್ತ್ರಗಳಿಗೆ ಹೊಸದಲ್ಲ. ಮನುಸ್ಮೃತಿಯ ಎರಡನೆಯ ಅಧ್ಯಾಯದಲ್ಲಿ, ವಾಹನದಲ್ಲಿ ಹೋಗುವವನು, ತೊಂಬತ್ತು ಮೀರಿದ ಮುದುಕ, ರೋಗಿ, ಹೊರೆ ಹೊತ್ತವನು, ಸ್ತ್ರೀ, ಸ್ನಾತಕ, ಅರಸು, ಮದುವಣಿಗ ಇವರಿಗೆ ದಾರಿ ಬಿಡಬೇಕೆಂದು ವಿಧಿಯಿದೆ. ಅಷ್ಟಕ್ಕೇ ನಿಲ್ಲದೆ, ಇವರೇ ಪರಸ್ಪರ ಎದುರಾದರೆ ಸ್ನಾತಕನೂ ಅರಸನೂ ಮಾನ್ಯರೆಂದೂ, ಅವರಿಬ್ಬರಲ್ಲಿ ಅರಸನೇ ಸ್ನಾತಕನಿಗೆ ದಾರಿ ಬಿಡಬೇಕೆಂದೂ ಮುಂದಿನ ಶ್ಲೋಕವು ನಿರ್ಣಯಿಸುತ್ತದೆ. ಅಲ್ಲಿ ತಾರತಮ್ಯಕ್ಕೆ ಮುಖ್ಯ ಹೇತು ಗೌರವ, ಇಲ್ಲಿ ಕಾರ್ಯ. ಹೀಗೆ ಹೇತುವು ಬೇರೆಯಾದರೂ ನಿಯಮದ ರಚನೆ ಒಂದೇ. ವಿಶೇಷಾಧಿಕಾರವುಳ್ಳವರನ್ನು ಹೆಸರಿಸಿದರೆ ಸಾಲದು, ವಿಶೇಷಾಧಿಕಾರವುಳ್ಳವರೇ ಸಂದಿಸಿದಾಗ ಏನು ಮಾಡಬೇಕೆಂಬುದನ್ನೂ ಹೇಳಬೇಕು.

ಎಲ್‌ಟಿಇ ಪದ್ಧತಿಯಲ್ಲಿ ಈ ಕ್ರಮವು ಮೂರು ಬಾಗಿಲುಗಳಲ್ಲಿ ನಡೆಯುತ್ತದೆ.

ಮೊದಲನೆಯದು ಪ್ರವೇಶದ ಬಾಗಿಲು. ಪ್ರತಿಯೊಂದು ಮೊಬೈಲ್ ಯಂತ್ರದ ಗುರುತಿನ ಬಿಲ್ಲೆಯಲ್ಲಿಯೂ ಒಂದು ವರ್ಗಸಂಖ್ಯೆಯಿರುತ್ತದೆ. ಸಾಮಾನ್ಯ ಜನರು ಸೊನ್ನೆಯಿಂದ ೯ರವರೆಗಿನ ವರ್ಗಗಳಲ್ಲಿ ಹಂಚಿಹೋಗಿರುತ್ತಾರೆ. ೧೧ರಿಂದ ೧೫ರವರೆಗಿನವು ವಿಶೇಷ ವರ್ಗಗಳು. ಅವುಗಳಲ್ಲಿ ೧೨ನೆಯದು ಭದ್ರತೆಯ ಸೇವೆಗಳಿಗೂ ೧೪ನೆಯದು ಆಪತ್ಕಾಲದ ಸೇವೆಗಳಿಗೂ ಸಲ್ಲುತ್ತದೆ. ಸಂದಣಿ ಹೆಚ್ಚಿದಾಗ ಗೋಪುರವು ಸಾಮಾನ್ಯ ವರ್ಗಗಳಿಗೆ 'ಸ್ವಲ್ಪ ತಾಳಿರಿ' ಎಂದು ಸಾರುತ್ತದೆ. ಆಗ ಅವರ ಯಂತ್ರಗಳು ಬಾಗಿಲನ್ನು ತಟ್ಟುವುದನ್ನೇ ನಿಲ್ಲಿಸುತ್ತವೆ, ರಕ್ಷಕರ ಯಂತ್ರಗಳು ತಟ್ಟುತ್ತವೆ.

ಎರಡನೆಯದು ಸ್ಥಾನದ ಬಾಗಿಲು. ಒಳಗೆ ಬಂದವರೆಲ್ಲರಿಗೂ ಸ್ಥಾನವಿಲ್ಲದಿದ್ದರೆ ಯಾರಿಗೆ ಕೊಡಬೇಕು, ಯಾರನ್ನು ಎಬ್ಬಿಸಬೇಕು? ಇದಕ್ಕಾಗಿ ಒಂದರಿಂದ ೧೫ರವರೆಗೆ ಅಂತಸ್ತುಗಳನ್ನು ಕಲ್ಪಿಸಲಾಗಿದೆ. ಒಂದನೆಯದು ಎಲ್ಲಕ್ಕೂ ಮೇಲು. ಇದಲ್ಲದೆ ಪ್ರತಿಯೊಂದು ಸಂಪರ್ಕಕ್ಕೂ ಎರಡು ಗುಣಗಳನ್ನು ಹೇಳಲಾಗುತ್ತದೆ: ಇದು ಇನ್ನೊಬ್ಬನನ್ನು ಎಬ್ಬಿಸಬಲ್ಲುದೆ, ಇದನ್ನು ಇನ್ನೊಬ್ಬನು ಎಬ್ಬಿಸಬಹುದೆ ಎಂದು. ಹೀಗೆ ಎಬ್ಬಿಸುವುದನ್ನು ಉತ್ಸಾರಣೆಯೆಂದು ಕರೆಯಬಹುದು. ರಾಜಪರಿವಾರದ ಮುಂದೆ ಜನರನ್ನು ದಾರಿಯಿಂದ ಸರಿಸುವುದಕ್ಕೆ ಸಂಸ್ಕೃತ ನಾಟಕಗಳಲ್ಲಿ ಇದೇ ಹೆಸರು. ಫಸ್ಟ್‌ನೆಟ್ಟಿನಲ್ಲಿ ಅಗ್ನಿಶಾಮಕರು, ಪೋಲೀಸರು, ಆಂಬುಲೆನ್ಸಿನವರು, ಆಪತ್ಕಾಲದ ವ್ಯವಸ್ಥಾಪಕರು, ಸಹಾಯದ ಕರೆಗಳನ್ನು ಸ್ವೀಕರಿಸುವ ಕೇಂದ್ರದವರು ಇವರಿಗೆ ಉತ್ಸಾರಣೆಯ ಅಧಿಕಾರವುಂಟು. ವಿದ್ಯುಚ್ಛಕ್ತಿ, ನೀರು, ಸಾರಿಗೆ ಮೊದಲಾದವನ್ನು ನಡೆಸುವವರಿಗೆ ಅಗ್ರತೆಯುಂಟಾದರೂ ಆ ಅಧಿಕಾರವು ಸ್ವಭಾವತಃ ಇಲ್ಲ. ಆದರೆ ಬಿರುಗಾಳಿಯಲ್ಲಿ ಬಿದ್ದ ತಂತಿಯನ್ನು ತೆಗೆಯದೆ ಅಗ್ನಿಶಾಮಕನು ಒಳಗೆ ಹೋಗಲಾರನೆಂಬಂತಹ ಪ್ರಸಂಗದಲ್ಲಿ, ಸ್ಥಳದ ಅಧಿಕಾರಿಯು ಆ ತಂತಿಯ ಕೆಲಸದವನ ಅಂತಸ್ತನ್ನು ತಾತ್ಕಾಲಿಕವಾಗಿ ಏರಿಸಬಹುದು. ಸಾಮಾನ್ಯವಿಧಿಯನ್ನು ಉತ್ಸರ್ಗವೆಂದೂ ವಿಶೇಷವಿಧಿಯನ್ನು ಅಪವಾದವೆಂದೂ ವೈಯಾಕರಣರು ವಿಭಾಗಿಸುವಂತೆ ಇಲ್ಲಿಯೂ ಅಪವಾದಕ್ಕೆ ಅವಕಾಶವನ್ನಿಡಲಾಗಿದೆ. ಭೇದವೇನೆಂದರೆ ಇಲ್ಲಿ ಅಪವಾದವನ್ನು ಹೇಳುವವನು ಸ್ಥಳದಲ್ಲಿಯೇ ಇರುವ ಮನುಷ್ಯ.

ಮೂರನೆಯದು ಹಂಚಿಕೆಯ ಬಾಗಿಲು. ೧೦ ಮೆಗಾಹರ್ಟ್ಸಿನ ದಾರಿಯನ್ನು ೫೦ ಖಂಡಗಳಾಗಿ ಒಡೆದು, ಒಂದು ಸೆಕೆಂಡಿನ ಸಾವಿರದ ಒಂದು ಭಾಗಕ್ಕೊಮ್ಮೆ ಯಾವ ಖಂಡವು ಯಾರಿಗೆ ಎಂದು ಗೋಪುರವು ಹೊಸದಾಗಿ ನಿಶ್ಚಯಿಸುತ್ತದೆ. ಈ ನಿಶ್ಚಯವು ಮಾಹಿತಿಯ ಜಾತಿಯನ್ನು ಅನುಸರಿಸುತ್ತದೆ. ಆಜ್ಞೆಯ ಮಾತು ತಡವಾದರೆ ವ್ಯರ್ಥ, ಭೂಪಟವು ಕ್ಷಣಕಾಲ ತಡೆಯಬಹುದು, ಲೆಕ್ಕಪತ್ರವು ಇನ್ನೂ ತಡೆಯಬಹುದು. ಗುಂಡಿಯನ್ನೊತ್ತಿ ಮಾತಾಡುವ ರಕ್ಷಕರ ಮಾತಿಗೆಂದೇ ಪ್ರತ್ಯೇಕವಾದ ಜಾತಿಯನ್ನು ಎಲ್‌ಟಿಇಯ ಅಂತರರಾಷ್ಟ್ರೀಯ ನಿಯಮಗಳಲ್ಲಿ ನಿರ್ದೇಶಿಸಲಾಗಿದೆ.

ಉತ್ಸಾರಣೆಗೆ ಒಂದು ಎಲ್ಲೆಯನ್ನೂ ಹಾಕಲಾಗಿದೆ. ಅದು ಈ ಕ್ರಮದಲ್ಲೆಲ್ಲ ಪ್ರಶಸ್ತವಾದ ಅಂಶ. ಸಾಮಾನ್ಯನಾದವನು ೯೧೧ಕ್ಕೆ, ಅಂದರೆ ಸಹಾಯವನ್ನು ಬೇಡುವ ಸಂಖ್ಯೆಗೆ, ಮಾಡಿದ ಕರೆಯನ್ನು ರಕ್ಷಕನ ಕರೆಯೂ ಕದಲಿಸಲಾಗದು. ಭಾಸನ ಸ್ವಪ್ನವಾಸವದತ್ತದ ಮೊದಲನೆಯ ಅಂಕದಲ್ಲಿ ಪದ್ಮಾವತಿಯ ಭಟರು ತಪೋವನದಲ್ಲಿ ಜನರನ್ನು ಪಕ್ಕಕ್ಕೆ ತಳ್ಳುವಾಗ, ವೇಷಮರೆಸಿಕೊಂಡ ರಾಣಿ ವಾಸವದತ್ತೆಯೇ ಆ ತಳ್ಳಾಟಕ್ಕೆ ಸಿಕ್ಕುತ್ತಾಳೆ; ಕಂಚುಕಿಯು ಬಂದು ಉತ್ಸಾರಣೆಯನ್ನು ನಿಷೇಧಿಸುತ್ತಾನೆ. ತಳ್ಳುವವನಿಗೆ ತಳ್ಳಿಸಿಕೊಳ್ಳುವವನ ಯೋಗ್ಯತೆ ತಿಳಿಯದೆಂಬುದೇ ಉತ್ಸಾರಣೆಯ ಸಹಜವಾದ ದೋಷ. ಯಾರ ರಕ್ಷಣೆಗಾಗಿ ಈ ಜಾಲವೋ ಅವರ ಆರ್ತನಾದವನ್ನೇ ಜಾಲವು ಅಡಗಿಸಬಾರದೆಂದು ಇಲ್ಲಿ ಆ ದೋಷಕ್ಕೆ ಪರಿಹಾರವನ್ನು ಮಾಡಲಾಗಿದೆ.

೫. ವಾಹನದ ಸ್ಥಾನ

ಈ ವ್ಯವಸ್ಥೆಯಲ್ಲಿ ರಕ್ಷಕರ ವಾಹನವು ಜನರನ್ನು ಸಾಗಿಸುವ ಸಾಧನಮಾತ್ರವಾಗಿ ಉಳಿಯುವುದಿಲ್ಲ. ಅದರ ಮಾಡಿನ ಮೇಲೆ ನಿಸ್ತಂತುವಿನ ಕೋಲನ್ನೂ ಒಳಗೆ ರೌಟರ್ ಎಂಬ ಯಂತ್ರವನ್ನೂ ಇಟ್ಟಾಗ, ಸುತ್ತಲಿರುವ ಸಿಬ್ಬಂದಿಯ ಕೈಯಂತ್ರಗಳೆಲ್ಲವೂ ವಾಹನದ ಮೂಲಕ ಜಾಲಕ್ಕೆ ಸೇರಬಹುದು. ಕೈಯಂತ್ರದ ಪ್ರಸಾರಶಕ್ತಿಯು ಸಾಧಾರಣವಾಗಿ ಒಂದು ವಾಟಿನ ಐದನೆಯ ಒಂದು ಭಾಗ; ಬ್ಯಾಟರಿಯು ಚಿಕ್ಕದು, ಯಂತ್ರವು ದೇಹಕ್ಕೆ ಸಮೀಪವಾದುದು. ವಾಹನಕ್ಕೆ ಈ ಎರಡು ತೊಡಕುಗಳೂ ಇಲ್ಲ. ಆದಕಾರಣ ೧೪ನೆಯ ಪಟ್ಟಿಯಲ್ಲಿ ವಾಹನದ ಯಂತ್ರಗಳು ಸುಮಾರು ಒಂದೂಕಾಲು ವಾಟಿನವರೆಗೆ, ಅಂದರೆ ಆರು ಮಡಿಗೂ ಸ್ವಲ್ಪ ಹೆಚ್ಚು ಶಕ್ತಿಯಿಂದ, ಪ್ರಸಾರಮಾಡುವುದಕ್ಕೆ ಅನುಮತಿಯುಂಟು. ಗೋಪುರದ ಮಾತು ದೂರದವನಿಗೆ ಕೇಳಿಸಿದರೂ ದೂರದವನ ಮಾತು ಗೋಪುರಕ್ಕೆ ಕೇಳಿಸದಿರುವುದು ಜಾಲದ ಅಂಚಿನಲ್ಲಿ ಸಾಮಾನ್ಯವಾದ ಕಷ್ಟ. ಶಕ್ತಿಯನ್ನು ಹೆಚ್ಚಿಸುವುದರಿಂದ ಆ ಕಷ್ಟವು ಕಡಮೆಯಾಗುತ್ತದೆ.

ಗೋಪುರವೇ ಇಲ್ಲದೆಡೆಗೆ ಅಥವಾ ಬೆಂಕಿಯಲ್ಲಿ ಗೋಪುರವು ಬೆಂದುಹೋದೆಡೆಗೆ ಗೋಪುರವನ್ನೇ ಹೊತ್ತುತರುವ ವಾಹನಗಳೂ ಉಂಟು. ಇವು ಕಂಬವನ್ನು ನಿಲ್ಲಿಸಿ, ಉಪಗ್ರಹದ ಮೂಲಕ ಮುಖ್ಯ ಜಾಲವನ್ನು ಸೇರಿಕೊಂಡು, ಸುತ್ತಣ ಪ್ರದೇಶಕ್ಕೆ ಸಂಪರ್ಕವನ್ನು ಕಲ್ಪಿಸುತ್ತವೆ.

೬. ಕ್ರಮದ ಮಿತಿ

ಅಗ್ರತೆಯೆಂಬುದು ದಾರಿಯಿದ್ದಾಗ ಮಾತ್ರ ಫಲಕಾರಿ. ಸೇತುವೆಯೇ ಮುರಿದರೆ ಅರಸನ ರಥವೂ ಈಚೆಯ ದಡದಲ್ಲಿಯೇ ನಿಲ್ಲಬೇಕು. ೨೦೨೦ನೆಯ ಡಿಸೆಂಬರ್ ೨೫ರಂದು ನ್ಯಾಶ್‌ವಿಲ್ ನಗರದಲ್ಲಿ ಏಟಿ ಅಂಡ್ ಟಿ ಸಂಸ್ಥೆಯ ಕಟ್ಟಡದ ಮುಂದೆ ಸ್ಫೋಟವಾಗಿ ಆ ಪ್ರಾಂತದ ಸಂಪರ್ಕವು ಕೆಟ್ಟಾಗ ರಕ್ಷಕರ ಜಾಲಕ್ಕೂ ಧಕ್ಕೆ ತಗಲಿತು. ೨೦೨೪ನೆಯ ಫೆಬ್ರವರಿ ೨೨ರಂದು ಅದೇ ಸಂಸ್ಥೆಯ ಜಾಲವು ದೇಶಾದ್ಯಂತ ಹನ್ನೆರಡು ಗಂಟೆಗಳಿಗೂ ಹೆಚ್ಚು ಕಾಲ ಅಸ್ತವ್ಯಸ್ತವಾದಾಗ, ೯ ಕೋಟಿಗೂ ಮಿಕ್ಕ ಕರೆಗಳು ನಿಂತವು. ೯೧೧ಕ್ಕೆ ಮಾಡಿದ ೨೫,೦೦೦ಕ್ಕೂ ಮಿಕ್ಕ ಕರೆಗಳು ಅವುಗಳಲ್ಲಿ ಸೇರಿದ್ದುವು. ಫಸ್ಟ್‌ನೆಟ್ಟೂ ಆಗ ನಿಂತಿತು. ದುರಸ್ತಿಯಲ್ಲಿ ಅದಕ್ಕೇ ಮೊದಲ ಸ್ಥಾನ ದೊರೆತು ಅದು ಬೇಗನೆ ಎದ್ದಿತೆಂಬುದು ನಿಜ. ಆದರೂ ದಾರಿಯು ಒಂದೇ ಆದಮೇಲೆ ದಾರಿಯ ವಿಪತ್ತೂ ಒಂದೇ ಎಂಬುದು ಅದರಿಂದ ಸಿದ್ಧವಾಯಿತು.

ಎರಡನೆಯ ಮಿತಿಯು ಹಳೆಯ ಕೈನಿಸ್ತಂತುವಿಗೆ ಸಂಬಂಧಿಸಿದುದು. ನೆಲಮಾಳಿಗೆಯಲ್ಲಿರುವ ಇಬ್ಬರು ಅಗ್ನಿಶಾಮಕರು ಯಾವ ಗೋಪುರದ ಹಂಗೂ ಇಲ್ಲದೆ ನೇರವಾಗಿ ಒಬ್ಬರೊಡನೊಬ್ಬರು ಅದರಲ್ಲಿ ಮಾತಾಡಬಲ್ಲರು. ಎಲ್‌ಟಿಇಯಲ್ಲಿಯೂ ಇಂತಹ ನೇರ ಸಂಭಾಷಣೆಗೆ ನಿಯಮಗಳನ್ನು ಬರೆಯಲಾಗಿದ್ದರೂ ಅವು ಬಳಕೆಗೆ ಬಂದುದು ಅತ್ಯಲ್ಪ. ಆದುದರಿಂದ ಅಮೆರಿಕದ ಅಗ್ನಿಶಾಮಕರು ಹೊಸ ಜಾಲವನ್ನು ಸ್ವೀಕರಿಸಿದರೂ ಹಳೆಯ ನಿಸ್ತಂತುವನ್ನು ಕೈಬಿಟ್ಟಿಲ್ಲ. ಬ್ರಿಟನ್ನಿನವರು ಹಳೆಯದನ್ನು ಪೂರ್ತಿಯಾಗಿ ತೆಗೆದು ಸಾಮಾನ್ಯ ಮೊಬೈಲ್ ಜಾಲದ ಮೇಲೆಯೇ ರಕ್ಷಕರನ್ನು ನಿಲ್ಲಿಸಬೇಕೆಂದು ೨೦೧೫ರಲ್ಲಿ ಕರಾರುಗಳನ್ನು ಮಾಡಿಕೊಂಡರು. ಗೊತ್ತುಮಾಡಿದ ಅವಧಿಯು ಕಳೆದು ವರ್ಷಗಳು ಸಂದರೂ ಹಳೆಯ ಜಾಲವೇ ಅಲ್ಲಿ ಭಾರವನ್ನು ಹೊರಬೇಕಾಯಿತು. ದಕ್ಷಿಣ ಕೊರಿಯದಲ್ಲಿ ೨೦೧೪ನೆಯ ಏಪ್ರಿಲ್‌ನಲ್ಲಿ ಸೆವೋಲ್ ಎಂಬ ನೌಕೆ ಮುಳುಗಿ ೩೦೪ ಮಂದಿ ಮೃತರಾದ ತರುವಾಯ ಸರ್ಕಾರವು ೭೦೦ ಮೆಗಾಹರ್ಟ್ಸಿನಲ್ಲಿಯೇ ರಕ್ಷಕರಿಗೆ ಪ್ರತ್ಯೇಕವಾದ ಜಾಲವನ್ನು ಕಟ್ಟಿಸಿ ೨೦೨೧ರಲ್ಲಿ ಪೂರ್ಣಗೊಳಿಸಿತು. ಭಾರತದಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು ೨೦೧೮ನೆಯ ಜೂನ್‌ನಲ್ಲಿ, ರಕ್ಷಕರ ಬ್ರಾಡ್‌ಬ್ಯಾಂಡ್ ಜಾಲಕ್ಕೆ ತರಂಗಾವಕಾಶವನ್ನು ಪ್ರತ್ಯೇಕವಾಗಿ ಇಡಬೇಕೆಂದು ಸರ್ಕಾರಕ್ಕೆ ಶಿಫಾರಸು ಮಾಡಿತು.

೭. ಉಪಸಂಹಾರ

ಇದುವರೆಗಿನ ವಿಚಾರದಿಂದ ಸಿದ್ಧವಾದ ಅರ್ಥವಿಷ್ಟು. ಆಪದ್ರಕ್ಷಕರ ಜಾಲಕ್ಕೆ ಮೂರು ಅಂಗಗಳು: ಮುರಿಯದ ದಾರಿ, ದಾರಿಯಲ್ಲಿ ಅಗ್ರತೆ, ಅಗ್ರರೊಳಗೂ ತಾರತಮ್ಯವನ್ನು ನಿರ್ಣಯಿಸುವ ಅಧಿಕಾರಿ. ವೇಗವು ಈ ಮೂರಕ್ಕೂ ಉಪಕಾರಕವಾದ ಗುಣ. ಇವುಗಳಲ್ಲಿ ಎರಡನೆಯ ಅಂಗವು ಯಂತ್ರಶಾಸ್ತ್ರದಿಂದ ಬಹುಮಟ್ಟಿಗೆ ಸಾಧಿತವಾಗಿದೆ. ಮೊದಲನೆಯದು ಹಣವನ್ನೂ, ಒಂದು ದಾರಿ ಕೆಟ್ಟರೆ ಇನ್ನೊಂದಿರಲೆಂಬ ಮುನ್ನೆಚ್ಚರಿಕೆಯನ್ನೂ ಬೇಡುತ್ತದೆ. ಮೂರನೆಯದು ಮನುಷ್ಯನ ವಿವೇಕವನ್ನು ಬೇಡುತ್ತದೆ. ಯಾರ ಅಂತಸ್ತನ್ನು ಯಾವಾಗ ಏರಿಸಬೇಕೆಂಬುದನ್ನು ತಿಳಿದವನು ಸ್ಥಳದಲ್ಲಿ ಇಲ್ಲದಿದ್ದರೆ ಹದಿನೈದು ಅಂತಸ್ತುಗಳಿದ್ದೂ ಪ್ರಯೋಜನವಿಲ್ಲ. ಆಪತ್ತು ಬರುವ ಮುಂಚೆಯೇ ಅಂತಹವರನ್ನು ಗೊತ್ತುಮಾಡಿ, ಅವರಿಗೆ ಅಭ್ಯಾಸವನ್ನು ಮಾಡಿಸಿ, ಹಳೆಯ ಕೈನಿಸ್ತಂತುವನ್ನು ಅವರ ಬಳಿಯಲ್ಲಿ ಉಳಿಸಿಡತಕ್ಕದ್ದು. ೨೯ ನಿಮಿಷಗಳ ಅವಕಾಶವಿದ್ದಾಗ ಹೊರಟ ಆಜ್ಞೆಯು ಅಷ್ಟರೊಳಗೆ ಎಲ್ಲರ ಕಿವಿಯನ್ನೂ ಮುಟ್ಟಬೇಕು. ಈ ಜಾಲಗಳ ಯೋಗ್ಯತೆಗೆ ಅದೇ ಪರೀಕ್ಷೆ.